ರಂಗೀನ್ ಮಹಲಿನ ಗಾಜು ಮತ್ತು ಮುತ್ತಿನ ಚಿಪ್ಪು

ಬೀದರ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಬಿದರಿ ಪಾತ್ರೆ. ಕಪ್ಪು ಲೋಹದಲ್ಲಿ ಕೂಡಿಸಿದ ಬೆಳ್ಳಿಯ ಎಳೆಗಳ ಬಗ್ಗೆ ಸಾಕಷ್ಟು ಬರೆಯಲಾಗಿದೆ. ಅದೇ ಊರಿನ ಗೋಡೆಗಳ ಮೇಲೆ ಮತ್ತೊಂದು ಕೂಡಿಸುವ ಕಲೆ ಅಲ್ಲಲ್ಲಿ ತುಣುಕುಗಳಾಗಿ ಉಳಿದುಕೊಂಡಿದೆ. ಬಣ್ಣದ ಗಾಜಿನ ಮೆರುಗು ಕೊಟ್ಟ ಟೈಲುಗಳನ್ನು ಕತ್ತರಿಸಿ, ಚೂರಿಗೆ ಚೂರು ಹೊಂದಿಸಿ ಬಳ್ಳಿ, ಹೂ, ಅಕ್ಷರಗಳನ್ನು ಮೂಡಿಸುವ ಮೊಸಾಯಿಕ್ ಕಲೆ ಅದು. ಭಾಲ್ಕಿ, ಔರಾದ ಕಡೆಯ ಶಾಲೆಗಳಿಂದ ಪ್ರವಾಸಕ್ಕೆ ಬರುವ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಇದನ್ನು ಗೋಡೆಗೆ ಬಳಿದ ಬಣ್ಣ ಎಂದೇ ತಿಳಿದು ಮುಂದೆ ನಡೆಯುತ್ತಾರೆ. ನೀವು ವಿಜ್ಞಾನದ ಅಧ್ಯಾಪಕರಾಗಿದ್ದರೆ ಅವರನ್ನು ಅಲ್ಲಿ ತಡೆದು ನಿಲ್ಲಿಸಬೇಕು. ಗೋಡೆಯ ಮೇಲಿರುವುದು ಬಣ್ಣವಲ್ಲ, ಗಾಜು. ಅದನ್ನು ಏಕೆ ಕತ್ತರಿಸಿದರು ಎಂದು ಕೇಳಿದರೆ ಉತ್ತರ ಕಲೆಯ ಇತಿಹಾಸದಲ್ಲಿ ಇರುವಷ್ಟೇ ಭೌತವಿಜ್ಞಾನದಲ್ಲಿಯೂ ಇದೆ.

ಮೊದಲು ಸ್ಥಳಗಳ ಪರಿಚಯ ಮಾಡಿಕೊಳ್ಳೋಣ. ಬಹಮನಿ ಸುಲ್ತಾನ ಅಹಮದ್ ಶಾಹ ವಲಿ (ಆಳ್ವಿಕೆ 1422–1436) ರಾಜಧಾನಿಯನ್ನು ಕಲಬುರ್ಗಿಯಿಂದ ಬೀದರಕ್ಕೆ ತಂದ. ಕೋಟೆಯೊಳಗಿನ ತಖ್ತ್ ಮಹಲಿನ ಕಮಾನಿನ ಮೂಲೆಯಲ್ಲಿ, ಬೆನ್ನ ಹಿಂದೆ ಸೂರ್ಯ ಮೂಡುತ್ತಿರುವ ಹುಲಿಯ ಚಿತ್ರ ಟೈಲಿನಲ್ಲಿದೆ (ಕೆಲವರು ಇದನ್ನು ಸಿಂಹ ಎನ್ನುತ್ತಾರೆ). ಊರ ಹೊರಗೆ ಅಷ್ಟೂರಿನಲ್ಲಿರುವ ಎರಡನೆಯ ಅಹಮದ್ ಶಾಹನ (1436–1458) ಗೋರಿಯ ಹೊರಮೈಯಲ್ಲಿ ನೀಲಿ ಟೈಲುಗಳ ಅವಶೇಷ ಕಾಣುತ್ತದೆ. ಚೌಬಾರಾದಿಂದ ಕೋಟೆಗೆ ಹೋಗುವ ದಾರಿಯಲ್ಲಿ ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾ ಇದೆ. ಗವಾನ್ ಇರಾನಿನ ಗಿಲಾನ್ ಪ್ರಾಂತದವನು. ಮೂರು ಅಂತಸ್ತಿನ ಈ ವಿದ್ಯಾಲಯವೂ ಇರಾನ್, ಮಧ್ಯ ಏಷ್ಯದ ಮಾದರಿಯದೇ. ಅದರ ಉಳಿದ ಒಂದೇ ಮಿನಾರಿನ ಮೇಲೆ ಅಂಕುಡೊಂಕು ಪಟ್ಟಿಗಳ ಟೈಲು ಈಗಲೂ ಇದೆ. ಕೊನೆಯದು, ನಮ್ಮ ವಿಷಯಕ್ಕೆ ಎಲ್ಲಕ್ಕಿಂತ ಮುಖ್ಯವಾದದ್ದು, ಕೋಟೆಯೊಳಗಿನ ರಂಗೀನ್ ಮಹಲ್. ಈಗ ಕಾಣುವ ಅಲಂಕಾರ ಬಹುಮಟ್ಟಿಗೆ ಬರೀದ್ ಶಾಹಿ ದೊರೆ ಅಲಿ ಬರೀದನ (1542–1580) ಕಾಲದ್ದು. ಇಲ್ಲಿ ಕೆತ್ತನೆಯ ಮರದ ಕಂಬಗಳು, ಟೈಲಿನ ಮೊಸಾಯಿಕ್, ಕಪ್ಪು ಶಿಲೆಯಲ್ಲಿ ಕೂಡಿಸಿದ ಮುತ್ತಿನ ಚಿಪ್ಪು ಮೂರೂ ಒಂದೇ ಕಡೆ ಇವೆ. ಹೈದರಾಬಾದ್ ಸಂಸ್ಥಾನದ ಪುರಾತತ್ವ ಇಲಾಖೆಯಲ್ಲಿದ್ದ ಗುಲಾಮ್ ಯಜ್ದಾನಿಯವರು 1947ರಲ್ಲಿ ಪ್ರಕಟಿಸಿದ ಬೀದರದ ಸ್ಮಾರಕಗಳ ಗ್ರಂಥದಲ್ಲಿ ಇವೆಲ್ಲವನ್ನೂ ವಿವರವಾಗಿ ದಾಖಲಿಸಿದ್ದಾರೆ.

ಚೂರಿನ ಗಾತ್ರವನ್ನು ತೀರ್ಮಾನಿಸುವುದು ಯಾವುದು?

ಮೊಸಾಯಿಕ್ ಎಂದರೆ ಬಿಡಿ ಚೂರುಗಳು. ಚಿತ್ರ ಎಂದರೆ ಅವು ಬೆರೆತು ಒಂದಾಗಿ ಕಾಣುವುದು. ಬೆರೆಸುವ ಕೆಲಸ ಮಾಡುವುದು ನಮ್ಮ ಕಣ್ಣು. ಸಾಮಾನ್ಯ ದೃಷ್ಟಿಯವರು ಸುಮಾರು 1 ಕಲೆಯಷ್ಟು ಕೋನಾಂತರದಲ್ಲಿರುವ, ಅಂದರೆ ಡಿಗ್ರಿಯ 60ನೆಯ ಒಂದು ಭಾಗದಷ್ಟು ಅಂತರದ ಎರಡು ಬಿಂದುಗಳನ್ನು ಬೇರೆಬೇರೆಯಾಗಿ ಗುರುತಿಸಬಲ್ಲರು. ಒಂದು ಮೀಟರ್ ದೂರದಲ್ಲಿ ಇದು ಸುಮಾರು 0.3 ಮಿಲಿಮೀಟರಿಗೆ ಸಮ. ಲೆಕ್ಕವನ್ನು ತಿರುಗಿಸಿ ನೋಡಿ: 2 ಸೆಂಟಿಮೀಟರ್ ಅಗಲದ ಟೈಲಿನ ಚೂರು ಸುಮಾರು 70 ಮೀಟರ್ ದೂರದಿಂದಾಚೆಗೆ ಬಿಡಿಯಾಗಿ ಕಾಣುವುದಿಲ್ಲ. ಮದರಸಾದ ಮಿನಾರು ದೂರದಿಂದ ನೋಡಲೆಂದೇ ಎತ್ತರಿಸಿದ್ದು. ಅಲ್ಲಿ ಬೆರಳಗಲದ ಚೂರು ಸಾಕು.

ಇದಕ್ಕೆ ವಿರುದ್ಧ ತುದಿಯಲ್ಲಿರುವುದು ರೋಮಿನ ಸೂಕ್ಷ್ಮ ಮೊಸಾಯಿಕ್. 18ನೆಯ ಶತಮಾನದಲ್ಲಿ ಅಲ್ಲಿನ ಕುಶಲಕರ್ಮಿಗಳು ಬಣ್ಣದ ಅಪಾರಕ ಗಾಜನ್ನು ಬೆಂಕಿಯಲ್ಲಿ ಮೆದುಗೊಳಿಸಿ ಸೇವಿಗೆಯಂತೆ ಸಣ್ಣ ಎಳೆಗಳಾಗಿ ಎಳೆದು, ಆ ಎಳೆಗಳನ್ನು ತುಂಡರಿಸಿ ನಿಲ್ಲಿಸುವ ವಿಧಾನ ಕಂಡುಕೊಂಡರು. ಜಾಕೊಮೊ ರಫಾಯೆಲಿ 1775ರಲ್ಲಿ ಇಂಥ ಕೃತಿಗಳನ್ನು ಪ್ರದರ್ಶಿಸಿದ. ಡಬ್ಬಿಯ ಮುಚ್ಚಳ, ಪದಕಗಳ ಮೇಲಿನ ಈ ಚಿತ್ರಗಳಲ್ಲಿ ಚದರ ಇಂಚಿಗೆ ಸಾವಿರಕ್ಕೂ ಹೆಚ್ಚು ಚೂರುಗಳಿರುವುದುಂಟು. ಅಂದರೆ ಒಂದೊಂದು ಚೂರಿನ ಅಗಲ ಸುಮಾರು 0.8 ಮಿಲಿಮೀಟರ್ ಅಥವಾ ಇನ್ನೂ ಕಡಿಮೆ. ಕೈಯಲ್ಲಿ ಹಿಡಿದು ನೋಡುವ ವಸ್ತುವಿಗೆ ಅಷ್ಟು ಸಣ್ಣದು ಬೇಕೇ ಬೇಕು.

ರಂಗೀನ್ ಮಹಲ್ ಈ ಎರಡರ ನಡುವೆ ನಿಲ್ಲುತ್ತದೆ. ಅದು ಬೀದಿಗೆ ಮುಖ ಮಾಡಿದ ಕಟ್ಟಡವಲ್ಲ, ಅರಮನೆಯ ಒಳಕೋಣೆ. ನೋಡುವವರು ಗೋಡೆಯಿಂದ ಎರಡು ಮೂರು ಮೀಟರ್ ದೂರದಲ್ಲಿ ಕುಳಿತಿರುತ್ತಿದ್ದರು. ಅಷ್ಟು ಹತ್ತಿರದಿಂದ ಚೂರು ಬೆರೆಯುವ ಪ್ರಶ್ನೆಯೇ ಇಲ್ಲ. ಹೀಗಾಗಿ ಇಲ್ಲಿ ಕಲೆಗಾರ ಬೇರೊಂದು ದಾರಿ ಹಿಡಿದಿದ್ದಾನೆ. ಚೂರನ್ನೇ ಎಲೆಯ, ದಳದ, ಅಕ್ಷರದ ಆಕಾರಕ್ಕೆ ಕತ್ತರಿಸಿ, ಕೀಲು ಕಾಣದಂತೆ ಪಕ್ಕದ ಚೂರಿಗೆ ಕೂಡಿಸಿದ್ದಾನೆ. ರೋಮಿನ ಮೊಸಾಯಿಕ್ ಬಿಂದುಗಳಿಂದ ಚಿತ್ರ ಮಾಡುತ್ತದೆ. ಬೀದರದ್ದು ಆಕಾರಗಳಿಂದ ಮಾಡುತ್ತದೆ. ಎರಡನೆಯದೇ ಹೆಚ್ಚು ಕಷ್ಟದ ಕೆಲಸ ಎಂದು ನನ್ನ ಅಭಿಪ್ರಾಯ. ಬಿಂದು ತಪ್ಪಿದರೆ ಕಣ್ಣು ಕ್ಷಮಿಸುತ್ತದೆ, ಎಲೆಯ ತುದಿ ಮುಕ್ಕಾದರೆ ಕ್ಷಮಿಸುವುದಿಲ್ಲ.

ಕತ್ತರಿಸಲು ಕಾರಣ

ಈಗ ಮೂಲ ಪ್ರಶ್ನೆಗೆ ಬರೋಣ. ಒಂದೇ ಟೈಲಿನ ಮೇಲೆ ನೀಲಿ, ಹಸಿರು, ಹಳದಿ, ಬಿಳಿ ಎಲ್ಲವನ್ನೂ ಬರೆದು ಒಮ್ಮೆಗೇ ಸುಟ್ಟುಬಿಡಬಹುದಿತ್ತಲ್ಲ, ಇಷ್ಟೆಲ್ಲ ಕತ್ತರಿಸುವ ಶ್ರಮ ಏಕೆ?

ಟೈಲಿನ ಮೇಲಿನ ಮೆರುಗು, ಅಂದರೆ ಗ್ಲೇಜ್, ಒಂದು ತೆಳುವಾದ ಗಾಜಿನ ಪದರ. ಮರಳು ಅಥವಾ ಬೆಣಚುಕಲ್ಲಿನ ಸಿಲಿಕವನ್ನು ಸೋಡಾದಂಥ ಕ್ಷಾರದೊಂದಿಗೆ ಕರಗಿಸಿದರೆ ಪಾರದರ್ಶಕ ಗಾಜು ಸಿಗುತ್ತದೆ. ಬಣ್ಣ ಬರುವುದು ಅದರಲ್ಲಿ ಕರಗಿದ ಲೋಹದ ಅಯಾನುಗಳಿಂದ. ಕೋಬಾಲ್ಟ್ ಅಯಾನು ಬೆಳಕಿನ ಹಸಿರು-ಹಳದಿ-ಕಿತ್ತಳೆ ಭಾಗವನ್ನು, ಸುಮಾರು 540ರಿಂದ 640 ನ್ಯಾನೊಮೀಟರ್ ತರಂಗದೂರದ ಪಟ್ಟಿಯನ್ನು ಹೀರಿಕೊಂಡು ನೀಲಿಯನ್ನು ಬಿಟ್ಟುಕೊಡುತ್ತದೆ. ಶೇಕಡ ಒಂದಕ್ಕಿಂತ ಕಡಿಮೆ ಕೋಬಾಲ್ಟ್ ಆಕ್ಸೈಡ್ ಇದ್ದರೂ ಗಾಢ ನೀಲಿ ಬರುತ್ತದೆ. ತಾಮ್ರದ ವರ್ತನೆ ಇನ್ನೂ ಸ್ವಾರಸ್ಯದ್ದು. ಕ್ಷಾರ ಹೆಚ್ಚಿರುವ ಗಾಜಿನಲ್ಲಿ ಅದೇ ತಾಮ್ರ ಪಿರೋಜಿ ನೀಲಿ, ಸೀಸ ಹೆಚ್ಚಿರುವ ಗಾಜಿನಲ್ಲಿ ಎಲೆಹಸಿರು. ಅಯಾನು ಒಂದೇ ಆದರೂ ಸುತ್ತಲಿನ ಪರಮಾಣುಗಳ ಜೋಡಣೆ ಬದಲಾದಾಗ ಅದು ಹೀರುವ ಪಟ್ಟಿ ಜರುಗುತ್ತದೆ. ಬಿಳಿಯದು ಮತ್ತೊಂದು ಕಥೆ. ಅಲ್ಲಿ ತವರದ ಆಕ್ಸೈಡಿನ ಸೂಕ್ಷ್ಮ ಕಣಗಳು ಗಾಜಿನಲ್ಲಿ ಕರಗದೆ ಉಳಿದು ಎಲ್ಲ ಬಣ್ಣದ ಬೆಳಕನ್ನೂ ಚದುರಿಸುತ್ತವೆ. ಹಾಲು ಬೆಳ್ಳಗಿರುವುದಕ್ಕೂ ಇಂಥ ಚದುರಿಕೆಯೇ ಕಾರಣ. ಹಳದಿಗೆ ಸೀಸ ಮತ್ತು ತವರ ಸೇರಿದ ವರ್ಣಕಗಳನ್ನು ಈ ಪರಂಪರೆಯಲ್ಲಿ ಬಳಸುತ್ತಿದ್ದರು.

ಹೀಗೆ ಒಂದೊಂದು ಬಣ್ಣಕ್ಕೆ ಒಂದೊಂದು ಬಗೆಯ ಗಾಜು ಬೇಕು. ಸೀಸ ಹೆಚ್ಚಿದ್ದಷ್ಟೂ ಗಾಜು ಕಡಿಮೆ ಉಷ್ಣತೆಯಲ್ಲೇ ನೀರಾಗುತ್ತದೆ. ಕ್ಷಾರದ ಪಿರೋಜಿ ಮೆರುಗು ಚೆನ್ನಾಗಿ ಹರಡಿಕೊಳ್ಳಲು ಸುಮಾರು 900ರಿಂದ 1000 ಡಿಗ್ರಿ ಸೆಲ್ಸಿಯಸ್ ಬೇಕು. ಆ ಉಷ್ಣತೆಗೆ ಹೋದರೆ ಪಕ್ಕದ ಸೀಸದ ಹಳದಿ ತೆಳ್ಳಗಾಗಿ ಹರಿದು ನೀಲಿಯೊಳಗೆ ನುಗ್ಗುತ್ತದೆ. ಕುಲುಮೆಯ ಗಾಳಿಯೂ ಮುಖ್ಯ. ಆಮ್ಲಜನಕ ಸಾಲದ ಹೊಗೆಗುಲುಮೆಯಲ್ಲಿ ತಾಮ್ರ ಪಿರೋಜಿಯಾಗುವ ಬದಲು ಕೆಂಪಾಗಿಬಿಡಬಹುದು. ಎಲ್ಲವನ್ನೂ ಒಟ್ಟಿಗೆ ಸುಡಲು ಹೊರಟವನು ಯಾವುದಾದರೂ ಒಂದು ಬಣ್ಣದಲ್ಲಿ ರಾಜಿ ಮಾಡಿಕೊಳ್ಳಲೇಬೇಕು.

ಕತ್ತರಿಸುವ ಮೊಸಾಯಿಕ್ ಈ ತೊಡಕನ್ನು ಒಂದೇ ಏಟಿಗೆ ಬಿಡಿಸುತ್ತದೆ. ಒಂದು ಟೈಲಿಗೆ ಒಂದೇ ಬಣ್ಣ. ಆ ಬಣ್ಣಕ್ಕೆ ತಕ್ಕ ಉಷ್ಣತೆ, ತಕ್ಕ ಗಾಳಿ. ಎಲ್ಲವೂ ಬೇರೆಬೇರೆಯಾಗಿ ಸುಟ್ಟು ತಣಿದ ಮೇಲೆ ಚಿತ್ರದ ಕಾಗದದಂತೆ ಚೂರುಗಳನ್ನು ಬಿಡಿಸುತ್ತಾರೆ. ಚೂರಿನ ಅಂಚನ್ನು ಹಿಂಬದಿಗೆ ಓರೆಯಾಗಿ ಸವರುತ್ತಾರೆ. ಹಾಗೆ ಮಾಡಿದರೆ ಮುಂಭಾಗದಲ್ಲಿ ಎರಡು ಚೂರುಗಳು ಕೂದಲೆಳೆಯ ಸಂದಿಯೂ ಇಲ್ಲದೆ ಸೇರುತ್ತವೆ, ಹಿಂದೆ ಗಾರೆ ಹಿಡಿಯಲು ಜಾಗವೂ ಉಳಿಯುತ್ತದೆ. ಬಳಿಕ ಮುಖ ಕೆಳಗಾಗಿ ಜೋಡಿಸಿ, ಬೆನ್ನಿಗೆ ಗಾರೆ ಹುಯ್ದು, ಹಲಗೆಯಂತಾದ ಇಡೀ ಚಿತ್ರವನ್ನು ಗೋಡೆಗೆ ಎತ್ತಿ ಕೂರಿಸುತ್ತಾರೆ. ಈ ಕೆಲಸಕ್ಕೆ 'ಕಾಶಿ' ಎಂಬ ಹೆಸರುಂಟು. ನಮ್ಮ ಗಂಗೆಯ ದಡದ ಕಾಶಿಗೂ ಇದಕ್ಕೂ ಸಂಬಂಧವಿಲ್ಲ. ಇರಾನಿನಲ್ಲಿ ಟೈಲಿಗೆ ಹೆಸರಾದ ಕಾಶಾನ್ ನಗರದಿಂದ ಬಂದ ಪದ ಅದು.

ಆ ಕಾಶಾನಿನ ಕುಂಬಾರ ಮನೆತನಕ್ಕೆ ಸೇರಿದ ಅಬುಲ್ ಕಾಸಿಂ ಎಂಬಾತ 1301ರಲ್ಲಿ ತಮ್ಮ ಕಸುಬಿನ ಪಾಕವನ್ನೇ ಬರೆದಿಟ್ಟಿದ್ದಾನೆ. ಕಸುಬಿನ ಗುಟ್ಟು ಬಿಟ್ಟುಕೊಡುವವರು ಅಪರೂಪ, ಆದ್ದರಿಂದ ಈ ಬರಹಕ್ಕೆ ಬೆಲೆ ಹೆಚ್ಚು. ನೀಲಿಗೆ ಬೇಕಾದ ಕೋಬಾಲ್ಟ್ ಕಾಶಾನಿನ ಹತ್ತಿರದ ಕಮ್ಸರ್ ಹಳ್ಳಿಯಲ್ಲಿ ಸಿಗುತ್ತದೆಂದು ಹೇಳುತ್ತಾನೆ. ಟೈಲಿನ ಒಡಲಿಗೆ ಹತ್ತು ಪಾಲು ಬೆಣಚುಕಲ್ಲಿನ ಪುಡಿ, ಒಂದು ಪಾಲು ಗಾಜಿನ ಪುಡಿ, ಒಂದು ಪಾಲು ಬಿಳಿ ಜೇಡಿ ಎನ್ನುತ್ತಾನೆ. ಮಣ್ಣಿನ ಕಸುಬಿನಲ್ಲಿ ಮಣ್ಣಿಗೆ ಹನ್ನೆರಡರಲ್ಲಿ ಒಂದೇ ಪಾಲು!

ಇದು ವಿಚಿತ್ರವೆನಿಸಿದರೂ ಇದರ ಹಿಂದೆ ಉಷ್ಣ ವ್ಯಾಕೋಚನದ ಲೆಕ್ಕವಿದೆ. ಕುಲುಮೆಯಿಂದ ತಣಿಯುವಾಗ ಒಡಲೂ ಕುಗ್ಗುತ್ತದೆ, ಮೇಲಿನ ಗಾಜೂ ಕುಗ್ಗುತ್ತದೆ. ಕ್ಷಾರ ಹೆಚ್ಚಿದ ಗಾಜು ಪ್ರತಿ ಡಿಗ್ರಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 10 ಭಾಗ ಕುಗ್ಗಿದರೆ, ಸಾಮಾನ್ಯ ಸುಟ್ಟ ಜೇಡಿಮಣ್ಣು ಸುಮಾರು 6 ಭಾಗ ಕುಗ್ಗುತ್ತದೆ ಎಂದಿಟ್ಟುಕೊಳ್ಳಿ. ವ್ಯತ್ಯಾಸ 4. ಗಾಜು ಗಟ್ಟಿಯಾದ ಮೇಲೆ ಇನ್ನೂ 500 ಡಿಗ್ರಿಯಷ್ಟು ತಣಿಯಬೇಕು. ಅಷ್ಟರಲ್ಲಿ ಸಾವಿರಕ್ಕೆ 2 ಭಾಗದಷ್ಟು ವಿಕೃತಿ ಉಂಟಾಗುತ್ತದೆ. ಗಾಜಿನ ಯಂಗ್ ಗುಣಾಂಕ ಸುಮಾರು 70 ಗಿಗಾಪಾಸ್ಕಲ್. ಗುಣಿಸಿದರೆ 140 ಮೆಗಾಪಾಸ್ಕಲ್ ಎಳೆತ. ಸಾಮಾನ್ಯ ಗಾಜು ಎಳೆತವನ್ನು ತಡೆಯುವುದು ಅದರ ಅರ್ಧಕ್ಕಿಂತಲೂ ಕಡಿಮೆ. ಹಾಗಾಗಿ ಮೆರುಗಿನ ತುಂಬ ಜೇಡರ ಬಲೆಯಂಥ ಬಿರುಕು ಮೂಡುತ್ತದೆ. ಮನೆಯಲ್ಲಿರುವ ಹಳೆಯ ಪಿಂಗಾಣಿ ಬಟ್ಟಲಿನಲ್ಲಿ ಇಂಥ ಬಿರುಕುಗಳನ್ನು ನೀವು ನೋಡಿರುತ್ತೀರಿ.

ಬೆಣಚುಕಲ್ಲಿನ ಹರಳು ಮಾತ್ರ ಖನಿಜಗಳ ನಡುವೆ ಹೆಚ್ಚು ಹಿಗ್ಗುವ, ಹೆಚ್ಚು ಕುಗ್ಗುವ ಗುಣದ್ದು. ಒಡಲಿನ ಹತ್ತು ಪಾಲು ಅದೇ ಆದರೆ ಒಡಲೂ ಮೆರುಗೂ ಹೆಚ್ಚುಕಡಿಮೆ ಒಂದೇ ಸಮ ಕುಗ್ಗುತ್ತವೆ. ವ್ಯಾಕೋಚನಾಂಕ ಎಂಬ ಮಾತು ಹುಟ್ಟುವುದಕ್ಕೂ ಬಹು ಹಿಂದೆ, ಒಡೆದ ಟೈಲುಗಳ ರಾಶಿಯನ್ನು ನೋಡಿ ನೋಡಿ ಕಂಡುಕೊಂಡ ಪಾಕ ಇದು.

ಬಣ್ಣವಿಲ್ಲದ ಬಣ್ಣ

ರಂಗೀನ್ ಮಹಲಿನ ಟೈಲುಗಳಿಂದ ನಾಲ್ಕು ಹೆಜ್ಜೆ ಒಳಗೆ ಹೋದರೆ ಬಾಗಿಲ ಸುತ್ತಿನ ಕಪ್ಪು ಬೆಸಾಲ್ಟ್ ಶಿಲೆಯಲ್ಲಿ ಬಳ್ಳಿಗಳೂ ಪಾರಸಿ ಅಕ್ಷರಗಳೂ ಮಿನುಗುತ್ತವೆ. ಕಲ್ಲಿನಲ್ಲಿ ಆಕಾರದಂತೆ ತೋಡಿ, ಆ ತೋಡಿಗೆ ಸರಿಯಾಗಿ ಕತ್ತರಿಸಿದ ಮುತ್ತಿನ ಚಿಪ್ಪನ್ನು ಕೂಡಿಸಿದ್ದಾರೆ. ಬಿದರಿ ಕೆಲಸವನ್ನು ಬಲ್ಲವರಿಗೆ ಇದು ಪರಿಚಿತವೆನಿಸುತ್ತದೆ. ಅಲ್ಲಿ ಸತುವೇ ಹೆಚ್ಚಾಗಿರುವ, ತುಸು ತಾಮ್ರ ಸೇರಿದ ಮಿಶ್ರಲೋಹ, ಕೋಟೆಯ ಮಣ್ಣು ಮತ್ತು ನವಸಾಗರದ ಲೇಪದಿಂದ ಬಂದ ಕಪ್ಪು, ಅದರಲ್ಲಿ ಬೆಳ್ಳಿ. ಇಲ್ಲಿ ಕಪ್ಪು ಶಿಲೆ, ಅದರಲ್ಲಿ ಚಿಪ್ಪು. ನಯಗೊಳಿಸಿದ ಕಪ್ಪು ಮೈ ಬೆಳಕಿನ ಅಲ್ಪಭಾಗವನ್ನಷ್ಟೇ ಹಿಂತಿರುಗಿಸುವುದರಿಂದ ಚಿಪ್ಪಿನ ನಸು ಹೊಳಪೂ ಎದ್ದು ಕಾಣುತ್ತದೆ. ಬಿಳಿ ಗಾರೆಯಲ್ಲಿ ಕೂಡಿಸಿದ್ದರೆ ಅರ್ಧ ಅಂದ ಹೋಗುತ್ತಿತ್ತು.

ಇಲ್ಲಿ ಕಾಣುವ ಗುಲಾಬಿ, ಹಸಿರು ಛಾಯೆಗಳಿಗೆ ಯಾವ ವರ್ಣಕವೂ ಕಾರಣವಲ್ಲ. ಚಿಪ್ಪಿನ ಶೇಕಡ 95ರಷ್ಟು ಭಾಗ ಅರಗೊನೈಟ್, ಅಂದರೆ ಸುಣ್ಣದ ಕಾರ್ಬೊನೇಟಿನ ಒಂದು ಹರಳು ರೂಪ. ಬೆಣಚುಕಲ್ಲಿನಂತೆಯೇ ಅದಕ್ಕೂ ಸ್ವಂತ ಬಣ್ಣವಿಲ್ಲ. ಆದರೆ ಮೃದ್ವಂಗಿ ಅದನ್ನು ಅರ್ಧ ಮೈಕ್ರೊಮೀಟರಿಗೂ ತೆಳುವಾದ ಬಿಲ್ಲೆಗಳಾಗಿ, ನಡುವೆ ಅತಿ ತೆಳುವಾದ ಸಾವಯವ ಅಂಟು ಸೇರಿಸಿ, ಪದರದ ಮೇಲೆ ಪದರವಾಗಿ ಕಟ್ಟಿರುತ್ತದೆ. ಪ್ರತಿ ಪದರದಿಂದಲೂ ಸ್ವಲ್ಪ ಬೆಳಕು ಹಿಂತಿರುಗುತ್ತದೆ. ಎರಡು ನೆರೆಯ ಪದರಗಳ ಬೆಳಕಿನ ಪಥವ್ಯತ್ಯಾಸ ಒಂದು ತರಂಗದೂರದ ಪೂರ್ಣ ಗುಣಕವಾದರೆ ಅವು ಒಂದಕ್ಕೊಂದು ಬಲ ಕೊಡುತ್ತವೆ. ಪಿಯುಸಿ ಪಠ್ಯದ ವ್ಯತಿಕರಣವೇ ಇದು.

ಲೆಕ್ಕ ಮಾಡಿ ನೋಡೋಣ. ಪದರದ ದಪ್ಪ 0.40 ಮೈಕ್ರೊಮೀಟರ್, ವಕ್ರೀಭವನಾಂಕ ಸುಮಾರು 1.65. ಬೆಳಕು ನೇರವಾಗಿ ಬಿದ್ದಾಗ ಪಥವ್ಯತ್ಯಾಸ ಎರಡು, 1.65, 0.40 ಇವುಗಳ ಗುಣಲಬ್ಧ: 1.32 ಮೈಕ್ರೊಮೀಟರ್. ಇದನ್ನು 1ರಿಂದ ಭಾಗಿಸಿದರೆ ಅವಕೆಂಪು, ಕಣ್ಣಿಗೆ ಕಾಣದು. 2ರಿಂದ ಭಾಗಿಸಿದರೆ 660 ನ್ಯಾನೊಮೀಟರ್, ಕೆಂಪು. 3ರಿಂದ ಭಾಗಿಸಿದರೆ 440, ನೇರಳೆಗೆ ವಾಲಿದ ನೀಲಿ. ಎರಡೂ ಸೇರಿ ಗುಲಾಬಿಯತ್ತ ಹೋಗುತ್ತದೆ. ದಪ್ಪ 0.35 ಆದರೆ ಎರಡನೆಯ ದರ್ಜೆ ಸುಮಾರು 578ಕ್ಕೆ, ಹಳದಿಗೆ ಇಳಿಯುತ್ತದೆ. ಒಂದು ಮಿಲಿಮೀಟರಿನ ಇಪ್ಪತ್ತು ಸಾವಿರದ ಒಂದು ಭಾಗದ ಏರುಪೇರಿಗೆ ಬಣ್ಣವೇ ಬದಲಾಯಿತು. ಒಂದೇ ಚಿಪ್ಪಿನ ಎರಡು ಕಡೆ ಎರಡು ಛಾಯೆ ಕಾಣುವುದು ಇದಕ್ಕೇ. ಓರೆಯಾಗಿ ನೋಡಿದಾಗ ಪಥವ್ಯತ್ಯಾಸ ಕಡಿಮೆಯಾಗಿ ಬಣ್ಣ ನೀಲಿಯ ಕಡೆಗೆ ಸರಿಯುತ್ತದೆ. ಅಲಿ ಬರೀದನ ಕಾಲದಲ್ಲಿ ಆ ಕೋಣೆಯನ್ನು ಬೆಳಗುತ್ತಿದ್ದುದು ದೀಪದ ಕುಡಿ. ಕುಡಿ ಅಲುಗಿದರೆ ಕೋನ ಬದಲಾಗುತ್ತದೆ, ಅಕ್ಷರದ ಹೊಳಪೂ ಬದಲಾಗುತ್ತದೆ. ವಿದ್ಯುದ್ದೀಪದ ಸ್ಥಿರ ಬೆಳಕಿನಲ್ಲಿ ಇದರ ಅಂದಾಜು ನಮಗೆ ಸಿಗುವುದು ಕಷ್ಟ.

ಹೀಗೆ ಒಂದೇ ಕಟ್ಟಡದಲ್ಲಿ ಬಣ್ಣದ ಮೂರು ಮೂಲಗಳಿವೆ. ಕೋಬಾಲ್ಟ್, ತಾಮ್ರದ ಟೈಲುಗಳಲ್ಲಿ ಹೀರಿಕೆ, ಬಿಳಿಯಲ್ಲಿ ಚದುರಿಕೆ, ಚಿಪ್ಪಿನಲ್ಲಿ ವ್ಯತಿಕರಣ. ಬೆಳಕಿನ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಜಿಲ್ಲೆಯಲ್ಲಿ ಮತ್ತೊಂದಿಲ್ಲ.

ಉಳಿದದ್ದು, ಉದುರಿದ್ದು

ಮದರಸಾದ ಟೈಲುಗಳಲ್ಲಿ ಬಹುಪಾಲು ಇಂದು ಇಲ್ಲ. ಔರಂಗಜೇಬನ ಸೈನ್ಯ ಬೀದರವನ್ನು ಹಿಡಿದ ಮೇಲೆ ಕಟ್ಟಡದ ಒಂದು ಭಾಗ ಮದ್ದಿನ ಉಗ್ರಾಣವಾಯಿತು. 1690ರ ದಶಕದಲ್ಲಿ ಆ ಮದ್ದು ಸಿಡಿದು ಒಂದು ಮಿನಾರು ಸೇರಿದಂತೆ ಕಟ್ಟಡದ ದೊಡ್ಡ ಭಾಗ ಕುಸಿಯಿತು. ಇಂಥ ಸ್ಫೋಟದಲ್ಲಿ ಬಿದ್ದ ಗೋಡೆಗಳಷ್ಟೇ ಹಾಳಾಗುವುದಿಲ್ಲ. ಗೋಡೆಯ ಮೂಲಕ ಸಾಗುವ ಒತ್ತಡದ ಅಲೆ ಹೊರಮೈ ತಲುಪಿ ಪ್ರತಿಫಲಿಸುವಾಗ ಎಳೆತದ ಅಲೆಯಾಗಿ ಮಾರ್ಪಡುತ್ತದೆ. ಕಲ್ಲು, ಗಾರೆ, ಗಾಜು ಮೂರೂ ಒತ್ತಡಕ್ಕೆ ಜಗ್ಗುವುದಿಲ್ಲ, ಎಳೆತಕ್ಕೆ ಸೋಲುತ್ತವೆ. ನಿಂತ ಗೋಡೆಯ ಹೊರಮೈಯಿಂದಲೂ ಟೈಲು ಕಿತ್ತು ಹಾರುವುದು ಹೀಗೆ.

ನಿಧಾನದ ಕಾರಣಗಳು ಇನ್ನೂ ಹೆಚ್ಚು ಹಾನಿಕರ. ಬೇಸಿಗೆಯ ಬಿಸಿಲಿಗೆ ಕಾದ ಗೋಡೆಯ ಮೇಲೆ ಸಂಜೆ ಆಲಿಕಲ್ಲು ಮಳೆ ಬೀಳುವುದು ಈ ಕಡೆ ಹೊಸದಲ್ಲ. ಮೇಲ್ಮೈ ಗಾಜು ತಟ್ಟನೆ ತಣಿದು ಕುಗ್ಗುತ್ತದೆ, ಒಳಗಿನ ಒಡಲು ಬಿಸಿಯಾಗಿಯೇ ಇರುತ್ತದೆ. ಗೋಡೆಯೊಳಗೆ ಲೋಮನಾಳ ಕ್ರಿಯೆಯಿಂದ ಏರಿದ ನೀರು ಲವಣಗಳನ್ನು ತರುತ್ತದೆ; ಗಾಜು ನೀರನ್ನು ಹೊರಗೆ ಬಿಡದ ಕಾರಣ ಅದು ಆರುವುದು ಟೈಲಿನ ಸಂದಿಯಲ್ಲಿ ಅಥವಾ ಬೆನ್ನಿನಲ್ಲಿ. ಅಲ್ಲೇ ಲವಣದ ಹರಳುಗಳು ಬೆಳೆದು ಟೈಲನ್ನು ತಳ್ಳುತ್ತವೆ. ಹಳೆಯ ಗಾರೆಯ ಬದಲು ಸಿಮೆಂಟ್ ತುಂಬಿದರೆ ಕರಗುವ ಲವಣ ಇನ್ನಷ್ಟು ಸೇರುತ್ತದೆ, ಗೋಡೆ ಉಸಿರಾಡುವ ದಾರಿಯೂ ಮುಚ್ಚುತ್ತದೆ. ಮನೆ ರಿಪೇರಿಗೆ ಒಳ್ಳೆಯದಾದ ಸಿಮೆಂಟ್ ಇಂಥ ಗೋಡೆಗೆ ವಿಷ.

ಸ್ವಚ್ಛಗೊಳಿಸುವುದೂ ಸುಲಭವಲ್ಲ. ಕ್ಷಾರ ಹೆಚ್ಚಿದ ಗಾಜಿನಿಂದ ನೀರೇ ನಿಧಾನವಾಗಿ ಸೋಡಿಯಮನ್ನು ಹೊರಗೆಳೆಯುತ್ತದೆ. ಪಿಎಚ್ 9ನ್ನು ದಾಟಿದ ದ್ರಾವಣದಲ್ಲಿ ಸಿಲಿಕದ ಜಾಲವೇ ಕರಗತೊಡಗುತ್ತದೆ. ಸಾಬೂನು, ಸೋಡಾ ಗಾಜಿನ ಶತ್ರು. ಚಿಪ್ಪಿಗೆ ತದ್ವಿರುದ್ಧ, ಅದಕ್ಕೆ ನಿಂಬೆರಸದಷ್ಟು ಆಮ್ಲವೂ ಸಾಕು, ಕಾರ್ಬೊನೇಟ್ ಕರಗಿ ಪದರಗಳ ನಯ ಹೋಗುತ್ತದೆ. ಕೂಗಳತೆಯಲ್ಲಿರುವ ಎರಡು ಅಲಂಕಾರಗಳಿಗೆ ಎರಡು ಬಗೆಯ ಆರೈಕೆ ಬೇಕೆಂದಾಯಿತು.

ಉದುರಿದ ಚೂರಿನೊಂದಿಗೆ ಹೋಗುವುದು ಅಂದ ಮಾತ್ರವಲ್ಲ. ಟೈಲು ಇರಾನಿನಿಂದ ಹಡಗಿನಲ್ಲಿ ಬಂದದ್ದೋ, ಅಲ್ಲಿಂದ ಬಂದ ಕುಶಲಿಗಳು ಇಲ್ಲಿನ ಮರಳಿನಿಂದ ಇಲ್ಲಿಯೇ ಸುಟ್ಟದ್ದೋ ಎಂಬುದನ್ನು ಗಾಜಿನ ಸಂಯೋಜನೆ ಹೇಳಬಲ್ಲದು. ಭಾರತದ ಹಳೆಯ ಗಾಜುಗಳಲ್ಲಿ ಹಲವಕ್ಕೆ ಅಲ್ಯುಮಿನ ಹೆಚ್ಚಿರುವ ಗುರುತಿದೆ. ದೆಹಲಿ ಮತ್ತು ಪಂಜಾಬಿನ ಮೊಘಲ್ ಟೈಲುಗಳನ್ನು ಹೀಗೆ ವಿಶ್ಲೇಷಿಸಿದ ಸಂಶೋಧಕರು, ಪಂಜಾಬಿನವು ಇರಾನಿನ ಪದ್ಧತಿಗೆ ಹತ್ತಿರವೆಂದೂ ದೆಹಲಿಯವುಗಳ ಮೆರುಗಿನಲ್ಲಿ ಸ್ಥಳೀಯ ಗಾಜಿನ ಗುರುತು ಇದೆಯೆಂದೂ ತೋರಿಸಿದ್ದಾರೆ. ಕೈಯಲ್ಲಿ ಹಿಡಿಯುವ ಎಕ್ಸ್-ಕಿರಣ ಪ್ರತಿದೀಪ್ತಿ ಉಪಕರಣದಿಂದ ಈಗ ಗೋಡೆಗೆ ಗಾಯ ಮಾಡದೆಯೇ ಬಹಳಷ್ಟು ಧಾತುಗಳನ್ನು ಅಳೆಯಬಹುದು. ಅಳೆಯಲು ಟೈಲು ಇರಬೇಕು, ಅಷ್ಟೆ. ಬೀದರವೂ ಸೇರಿದ ದಖನ್ ಸುಲ್ತಾನರ ಸ್ಮಾರಕಗಳು 2014ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದವು. ಸಂರಕ್ಷಿತ ಸ್ಮಾರಕವನ್ನು ವಿರೂಪಗೊಳಿಸಿದರೆ 2010ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಉಂಟು. ನೆಲದ ಮೇಲೆ ಬಿದ್ದ ನೀಲಿ ಚೂರನ್ನು ನೆನಪಿಗೆಂದು ಜೇಬಿಗೆ ಹಾಕಿಕೊಳ್ಳುವ ವಿದ್ಯಾರ್ಥಿಗೆ ಇದನ್ನು ಮೊದಲೇ ಹೇಳಿಡಿ.

ರಂಗೀನ್ ಮಹಲಿಗೆ ಬೀಗ ಹಾಕಿದ್ದರೆ ಕೋಟೆಯೊಳಗಿನ ವಸ್ತುಸಂಗ್ರಹಾಲಯದ ಸಿಬ್ಬಂದಿಯನ್ನು ಕೇಳಿ. ಒಳಗೆ ಹೋದ ಮೇಲೆ ಟೈಲಿನ ಒಂದು ನೀಲಿ ಎಲೆಯ ಮುಂದೆ ನಿಂತು, ದೃಷ್ಟಿ ಕದಲಿಸದೆ ತಲೆಯನ್ನು ನಿಧಾನವಾಗಿ ಎಡಕ್ಕೂ ಬಲಕ್ಕೂ ಸರಿಸಲು ವಿದ್ಯಾರ್ಥಿಗಳಿಗೆ ಹೇಳಿ. ನೀಲಿ ನೀಲಿಯಾಗಿಯೇ ಇರುತ್ತದೆ. ಹೀರಿಕೆಗೆ ಕೋನದ ಹಂಗಿಲ್ಲ. ಬಳಿಕ ಚಿಪ್ಪಿನ ಅಕ್ಷರದ ಮುಂದೆ ಅದನ್ನೇ ಮಾಡಿಸಿ, ಕಂಡ ಬಣ್ಣಗಳನ್ನು ಕ್ರಮವಾಗಿ ಬರೆದುಕೊಳ್ಳಲಿ.